ಬೈಗುಳಕ್ಕೆ ಹನ್ನೊಂದು ನಿಮಿಷ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಕೆಳದವಡೆಯಲ್ಲಿ ಉಳಿದಿರುವ ನಾಲ್ಕು ಹಲ್ಲು ಇವತ್ತೇ ಉದುರಿಹೋಗಲಿ. ಇರುವುದೇ ನಾಲ್ಕು. ಹಾಗಾಗಿ ಅವುಗಳ ಮೇಲೆ ನಾನು ಸುಮ್ಮಸುಮ್ಮನೆ ಆಣೆ ಇಡುವವನಲ್ಲ.

ನೀವು ವೈರು ಸುತ್ತುತ್ತಲೇ ಕೇಳಿ. ಇಲ್ಲಿ ಸದ್ದು ಹೆಚ್ಚುಕಡಿಮೆ ಮಾಡುವ ಮಿಕ್ಸರ್ ಮುಂದೆ ಕೂರಲು ಹೊಸಬರು ಬಂದಾಗಲೆಲ್ಲ ನಾನು ಮೊದಲ ದಿನವೇ ಇದನ್ನು ಹೇಳಿಬಿಡುತ್ತೇನೆ. ನಿಮಗಿಂತ ಮುಂಚೆ ಮೂವರಿಗೆ ಹೇಳಿದ್ದೇನೆ. ಆ ಮೂವರೂ ಈಗ ಇಲ್ಲಿಲ್ಲ, ಅದು ಬೇರೆ ವಿಷಯ.

ನಾನು ಈ ಜಾಗದ ಗೇಟಿನವನು. ಬೀಗದ ಕೈ, ಪೊರಕೆ, ಕಕ್ಕಸಿನ ಬಲ್ಬು, ಎಲ್ಲ ನನ್ನ ಸುಪರ್ದಿ. ಈಗ ಬೋರ್ಡಿನ ಮೇಲೆ ಕಲಾಕೇಂದ್ರ ಎಂದು ಬರೆದಿದ್ದಾರೆ. ಮೊದಲು ಇದು ನೇಯ್ಗೆ ಶೆಡ್ಡು. ನೂರಾ ತೊಂಬತ್ತು ಮಗ್ಗ, ಎಲ್ಲವೂ ವಿದ್ಯುತ್ತಿನವು. ನಾನು ಇಪ್ಪತ್ತೆರಡು ವರ್ಷ ಇಲ್ಲೇ ಮಗ್ಗ ರಿಪೇರಿ ಮಾಡಿದೆ, ನನ್ನಣ್ಣ ಮೂವತ್ತೊಂದು ವರ್ಷ ನೇಯ್ದ. ಅಗೋ, ಆ ಡ್ರಮ್ಮು ಇಟ್ಟಿದ್ದೀರಲ್ಲ, ಆ ಕಂಬದ ಪಕ್ಕ, ಅದು ಅವನ ಎಂಟು ಮಗ್ಗಗಳ ಜಾಗ.

ಇಲ್ಲಿ ಎಂಥ ಸದ್ದಿತ್ತೆಂದರೆ, ಕಿಟಕಿಯಿಂದ ಒಳಗೆ ಬಂದ ಪಾರಿವಾಳಕ್ಕೆ ತನ್ನ ರೆಕ್ಕೆ ಬಡಿಯುವುದು ತನಗೇ ಕೇಳಿಸುತ್ತಿರಲಿಲ್ಲ. ಹಾರುವುದು ನಿಂತೇಹೋಯಿತು ಅಂದುಕೊಂಡು ದೊಪ್ಪನೆ ನೆಲಕ್ಕೆ ಬೀಳುತ್ತಿತ್ತು. ಪಾಳಿ ಮುಗಿದ ಮೇಲೆ ನೂಲಿನ ಕಸದ ಜೊತೆ ಅವುಗಳನ್ನೂ ಗುಡಿಸಿ ಹೊರಗೆ ಹಾಕುತ್ತಿದ್ದೆವು. ಸ್ವಲ್ಪ ಹೊತ್ತು ಬಿಟ್ಟು ಎದ್ದು ಹೋಗುತ್ತಿದ್ದವು.

ಅಂಥಲ್ಲಿ ಮಾತಾಡುವುದು ತುಟಿಯಿಂದ. ದನಿ ಬೇಡವೇ ಬೇಡ. ಆ ತುದಿಯಲ್ಲಿ ಒಬ್ಬ ತನ್ನ ಅತ್ತೆಯನ್ನು ಬೈದುಕೊಂಡರೆ ಈ ತುದಿಯಲ್ಲಿದ್ದವನಿಗೆ ಗೊತ್ತಾಗುತ್ತಿತ್ತು. ದಪ್ಪ ಮೀಸೆ ಬಿಟ್ಟವರನ್ನು ನಾವು ತೊದಲರು ಎಂದು ಕರೆಯುತ್ತಿದ್ದೆವು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರೂ ಅವನ ಬೆನ್ನ ಹಿಂದೆ ಏನು ಬೇಕಾದರೂ ಅಂದುಕೊಳ್ಳಬಹುದಿತ್ತು, ಅವನ ಹೆಂಡತಿಯ ಬಗ್ಗೆ, ಅವನ ಮೂಲವ್ಯಾಧಿಯ ಬಗ್ಗೆ. ಪರಸ್ಪರ ಮುಖದ ಮೇಲೇ ಬೈದುಕೊಳ್ಳುತ್ತಿದ್ದೆವು. ಆದರೆ ಒಂದು ಕಟ್ಟಳೆ ಇತ್ತು. ಸದ್ದಿನೊಳಗೆ ಆಡಿದ ಮಾತನ್ನು ಸದ್ದಿನ ಹೊರಗೆ ಯಾರೂ ತೆಗೆಯಬಾರದು. ಮಗ್ಗ ನಿಂತಿತೋ, ಆ ಮಾತೂ ಸತ್ತಹಾಗೆ.

ಒಬ್ಬ ಆ ಕಟ್ಟಳೆ ಮುರಿದ. ನೂಲಿಗೆ ಗಂಟು ಹಾಕುವವನು. ಒಳಗೆ ಕಂಡ ಮಾತನ್ನು ಊಟದ ಕೋಣೆಯಲ್ಲಿ ಬಾಯಿಬಿಟ್ಟು ಹೇಳಿಬಿಟ್ಟ. ಅವನಿಗೆ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಮಾರನೆಯ ದಿನದಿಂದ ಅವನು ತುಟಿ ಅಲ್ಲಾಡಿಸಿದ ಕೂಡಲೇ ಎದುರಿಗಿದ್ದವರು ಕಣ್ಣು ಮುಚ್ಚಿಕೊಳ್ಳತೊಡಗಿದರು. ಅಷ್ಟೇ. ಆ ಸದ್ದಿನಲ್ಲಿ ಕಣ್ಣು ಮುಚ್ಚಿದರೆ ಮುಖದ ಮೇಲೆ ಬಾಗಿಲು ಹಾಕಿದಂತೆ. ಹತ್ತೊಂಬತ್ತು ದಿನ ತಡೆದ, ಇಪ್ಪತ್ತನೆಯ ದಿನ ಕೆಲಸ ಬಿಟ್ಟು ಹೋದ. ಮೊದಲು ಕಣ್ಣು ಮುಚ್ಚಿದ್ದು ಯಾರು ಅಂತೀರಿ? ನನ್ನಣ್ಣ.

ಒಂಬತ್ತು ವರ್ಷದ ಹಿಂದೆ ಮಿಲ್ಲು ಮುಚ್ಚಿತು. ಅಣ್ಣನ ಕಿವಿ ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಹೋಗಿದ್ದರೆ ಹೋಗಲಿ, ಕಿವಿಯೊಳಗೆ ಒಂದು ಕೀರಲು ಸದ್ದು ಬಂದು ಕೂತಿತ್ತು. ಕುಕ್ಕರಿನ ಸೀಟಿ ಎತ್ತಿದ್ದು ಇಳಿಯದೇ ಇದ್ದರೆ ಹೇಗೆ, ಹಾಗೆ. ಎದ್ದರೂ ಅದೇ, ಮಲಗಿದರೂ ಅದೇ. ಮಗ್ಗಗಳು ಓಡುತ್ತಿದ್ದಾಗ ಅದು ಮುಚ್ಚಿಹೋಗುತ್ತಿತ್ತು, ನಿಂತ ಮೇಲೆ ಅದೊಂದೇ ಉಳಿಯಿತು. ಕಿವಿ ಡಾಕ್ಟರು ಇದಕ್ಕೆ ಔಷಧಿ ಇಲ್ಲ, ಅಭ್ಯಾಸ ಮಾಡಿಕೊಳ್ಳಿ ಅಂದರು. ಅಣ್ಣ ಅವರ ತುಟಿ ನೋಡಿ ತಲೆಯಾಡಿಸಿ ಬಂದ. ಮನೆಗೆ ಬಂದು ಬಟ್ಟೆ ತೊಳೆಯುವ ಯಂತ್ರಕ್ಕೆ ತಲೆ ಆನಿಸಿ ಕೂತ. ಯಂತ್ರ ಬಟ್ಟೆ ಹಿಂಡುವಾಗ ನಾಲ್ಕು ನಿಮಿಷ ಗಡಗಡ ಅನ್ನುತ್ತಿತ್ತಲ್ಲ, ಆ ನಾಲ್ಕು ನಿಮಿಷ ಅವನಿಗೆ ನೆಮ್ಮದಿ. ನಮ್ಮತ್ತಿಗೆ ಒಗೆದ ಬಟ್ಟೆಯನ್ನೇ ಮತ್ತೆ ಹಾಕಿ ಒಗೆಯುತ್ತಿದ್ದರು. ಅವರ ಮನೆಯ ಹಾಸಿಗೆ ಹೊದಿಕೆಗಳು ಎಷ್ಟು ತೆಳುವಾಗಿದ್ದವೆಂದರೆ, ಹೊದ್ದು ಮಲಗಿದವರು ಹಿಂದಿನ ದಿನ ಏನು ತಿಂದಿದ್ದರು ಎಂಬುದೂ ಕಾಣುತ್ತಿತ್ತು.

ಈಗ ಸಂಗೀತಕ್ಕೆ ಬರುತ್ತೇನೆ. ನೀವು ಆಕಳಿಸಬೇಡಿ.

ಹೋದ ವರ್ಷ ಒಂದು ತಂಡ ಬುಧವಾರ ಮಧ್ಯಾಹ್ನ ಮೂರಕ್ಕೆ ಅಭ್ಯಾಸಕ್ಕೆ ಬರತೊಡಗಿತು. ಮೂವರು. ಗಿಟಾರಿಗೆ ಲಿಫ್ಟ್ ರಿಪೇರಿಯವನು, ಡ್ರಮ್ಮಿಗೆ ಬೇಕರಿಯವನು, ಇನ್ನೊಂದು ಗಿಟಾರು ಮತ್ತು ಹಾಡಿಗೆ ಹಲ್ಲಿನ ಆಸ್ಪತ್ರೆಯ ನರ್ಸು. ಬುಧವಾರ ಮಧ್ಯಾಹ್ನ ಅವಳಿಗೆ ರಜೆ. ನಾನು ನರ್ಸಮ್ಮ ಎಂದು ಕರೆಯುತ್ತಿದ್ದೆ. ಮೊದಲ ಬುಧವಾರ ಹೊರಗೆ ಗೇಟಿನ ಹತ್ತಿರ ಕೂತಿದ್ದ ನನಗೆ ಯಾರೋ ಕಬ್ಬಿಣದ ಬೀರುವನ್ನು ಮೆಟ್ಟಿಲಿನ ಮೇಲೆ ಎಳೆಯುತ್ತಿದ್ದಾರೆ ಅನ್ನಿಸಿತು. ಒಳಗೆ ಬಂದು ನೋಡಿದರೆ ಮೂವರೂ ತಲೆ ತಗ್ಗಿಸಿ ನೆಲ ನೋಡುತ್ತಾ ನಿಂತಿದ್ದಾರೆ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ಅಂದು ಅಣ್ಣ ನನ್ನ ಊಟದ ಡಬ್ಬಿ ತಂದಿದ್ದ. ಮಿಲ್ಲು ಮುಚ್ಚಿದ ಮೇಲೆ ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಅವತ್ತು ಬಂದ, ಕಂಬದ ಪಕ್ಕ ನಿಂತ. ಅವರು ಒಂದೇ ತಂತಿಯನ್ನು ಮೀಟುತ್ತಿದ್ದರು, ಮೆಲ್ಲಗೆ, ಹತ್ತು ನಿಮಿಷ. ಅಣ್ಣನಿಗೆ ಅದು ಎಲ್ಲಿಂದ ಕೇಳಬೇಕು. ಇವರು ಇನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡು ನನ್ನ ಡಬ್ಬಿಯಿಂದಲೇ ಒಂದು ತುತ್ತು ತಿಂದ.

ಆಮೇಲೆ ಸದ್ದು ಎದ್ದಿತು. ಬೆಳಗಿನ ಪಾಳಿಯಲ್ಲಿ ಒಂದು ಸಾಲು ಮಗ್ಗ ಶುರುವಾಗಿ, ಅದರ ಹಿಂದೆ ಇನ್ನೊಂದು ಸಾಲು, ಮತ್ತೊಂದು ಸಾಲು ಎಂದು ಇಡೀ ಶೆಡ್ಡು ಎದ್ದು ನಿಲ್ಲುತ್ತಿತ್ತಲ್ಲ, ಥೇಟ್ ಹಾಗೆ. ನನ್ನ ಮೇಲ್ದವಡೆಯ ಹಲ್ಲುಸೆಟ್ಟು ಬಾಯಿಯೊಳಗೆ ಒಂದು ಸುತ್ತು ತಿರುಗಿ ಹಿಂದುಮುಂದಾಗಿ ಕೂತಿತು. ಗೋಡೆಯ ಗಡಿಯಾರ ಏಳು ನಿಮಿಷ ಹಿಂದಕ್ಕೆ ಹೋಯಿತು, ಈಗಲೂ ಹಿಂದೆಯೇ ಇದೆ, ಬೇಕಾದರೆ ನೋಡಿಕೊಳ್ಳಿ. ಇಷ್ಟೆಲ್ಲ ಆಗುತ್ತಿರುವಾಗ ಆ ಸದ್ದಿನ ನಡುವೆ ಒಂದು ಸಣ್ಣ ರಾಗ ಹೊರಟಿತು. ಮೂವರಲ್ಲಿ ಯಾರೂ ಅದನ್ನು ನುಡಿಸುತ್ತಿರಲಿಲ್ಲ. ಮಗ್ಗದ ಸದ್ದಿನಲ್ಲೂ ಹಾಗೇ ಆಗುತ್ತಿತ್ತು. ಯಾರೂ ಹಾಡದ ಹಾಡು ಕೇಳಿಸುತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು. ನಾವು ಅದನ್ನು ಮನೆಯಲ್ಲಿ ಹೇಳಿಕೊಳ್ಳುತ್ತಿರಲಿಲ್ಲ, ಹುಚ್ಚು ಅಂದಾರು ಅಂತ.

ಅಣ್ಣನ ಕೈ ಕಂಬದ ಮೇಲಿತ್ತು. ನನ್ನ ಕಡೆ ತಿರುಗಿ ತುಟಿಯಲ್ಲಿ ಅಂದ, "ನಿಂತೋಯ್ತು ಕಣೋ."

ಏನು ನಿಂತಿತು ಎಂದು ನಾನು ಕೇಳಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಎಂಟು ವರ್ಷದಿಂದ ಹಣೆಯ ಮೇಲೆ ಗಂಟು ಹಾಕಿಕೊಂಡಿದ್ದ ಹುಬ್ಬು ಸಡಿಲವಾಗಿತ್ತು.

ಸದ್ದು ಮುಗಿದ ಮೇಲೆ ಅಣ್ಣ ನೇರ ಲಿಫ್ಟಿನವನ ಹತ್ತಿರ ಹೋಗಿ, ಎಡಗಡೆಯ ದೊಡ್ಡ ಸ್ಪೀಕರಿನ ಕೆಳಗಿನ ಬೋಲ್ಟು ಸಡಿಲ ಇದೆ, ಇನ್ನು ಹದಿನೈದು ದಿನದಲ್ಲಿ ಅದು ಹೋಗುತ್ತದೆ ಎಂದ. ಕಂಬದಲ್ಲಿ ಅವನ ಅಂಗೈಗೆ ಗೊತ್ತಾಗಿತ್ತು. ಲಿಫ್ಟಿನವನು ನಗುತ್ತಾ ತೆಗೆದು ನೋಡಿದ, ಬೋಲ್ಟು ಕೈಗೇ ಬಂತು. ಅಂದಿನಿಂದ ಅಣ್ಣ ಅವರಿಗೆ ಅಜ್ಜ. ಬುಧವಾರ ಅಜ್ಜನ ಕುರ್ಚಿ ಕಂಬದ ಪಕ್ಕ ಇರಲೇಬೇಕು. ಅಜ್ಜ ಎಲ್ಲ ಪೆಟ್ಟಿಗೆಗಳಿಗೂ ಕೈಯಿಟ್ಟು ನೋಡಿದ ಮೇಲೆಯೇ ಅಭ್ಯಾಸ ಶುರು.

ಲಿಫ್ಟಿನವನು ಒಳ್ಳೆಯವನು. ಅಣ್ಣನಿಗೆ ತುಟಿ ಓದಲು ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ನಾವಿಬ್ಬರೂ ಹೇಳಲಿಲ್ಲ. ಹಾಗಾಗಿ ಚೀಟಿಯಲ್ಲಿ ಬರೆದು ಕೊಡುತ್ತಿದ್ದ. ಮೊದಲ ಚೀಟಿ ಅಣ್ಣನ ಜೇಬಿನಲ್ಲಿ ಈಗಲೂ ಇದೆ. "ಇದಕ್ಕೆ ಪೋಸ್ಟ್-ರಾಕ್ ಅಂತಾರೆ ಅಜ್ಜ. ಹಾಡಿಗಿಂತ ಸದ್ದು ಮುಖ್ಯ. ಶೂಗೇಜ್ ಅಂತ ಇನ್ನೊಂದಿದೆ, ಅದರಲ್ಲಿ ನುಡಿಸೋರು ಕಾಲ ಹತ್ತಿರದ ಸದ್ದು ಬದಲಿಸೋ ಪೆಡಲ್ ನೋಡ್ತಾ ನಿಂತಿರ್ತಾರೆ, ಶೂ ನೋಡ್ತಿರೋ ಹಾಗೆ ಕಾಣತ್ತೆ. ನಾವು ಎರಡನ್ನೂ ಸೇರಿಸಿ ಮೇಲೆ ಮೆಟಲ್ ಅನ್ನೋ ಅಬ್ಬರದ ಸಂಗೀತದ ಭಾರ ಹಾಕಿದೀವಿ." ಅಣ್ಣ ಅದನ್ನು ಎರಡು ಸಲ ಓದಿದ. ಮುಂದಿನ ಬುಧವಾರ ಶೂಗೆ ಪಾಲಿಶ್ ಹೊಡೆದು ಬಂದ. ಎಲ್ಲರೂ ಅದನ್ನೇ ನೋಡುವವರಾದರೆ ಕೊಳಕಾಗಿರಬಾರದು ನೋಡಿ.

ಹಾಡಿಗೆ ಪದ ಯಾವುದು ಎಂದು ನಾನು ಒಮ್ಮೆ ನರ್ಸಮ್ಮನನ್ನು ಕೇಳಿದೆ. ಪದವೇ ಇಲ್ಲ, ಬಾಯಿಗೆ ಬಂದದ್ದು ಹಾಡುತ್ತೇನೆ, ಇಷ್ಟು ಸದ್ದಿನಲ್ಲಿ ಯಾರಿಗೆ ಕೇಳಿಸುತ್ತದೆ, ದನಿಯೂ ಒಂದು ವಾದ್ಯ ಅಷ್ಟೇ ಅಂದಳು. ಅದು ನಿಜ. ಅವಳ ದನಿ ಮಂಜಿನೊಳಗೆ ಯಾರೋ ದೀಪ ಹಿಡಿದು ಹೋದ ಹಾಗೆ ಸುಮ್ಮನೆ ಬಂದು ಹೋಗುತ್ತಿತ್ತು. ಪದ ಕೇಳಿಸುತ್ತಿರಲಿಲ್ಲ.

ಕಾಣಿಸುತ್ತಿತ್ತು.

ಎರಡನೆಯ ಬುಧವಾರ ನಾನು ಅವಳ ಬಾಯಿ ನೋಡಿದೆ. ಒಂದೊಂದು ಅಕ್ಷರವನ್ನೂ ಅರ್ಧ ಅರ್ಧ ನಿಮಿಷ ಎಳೆಯುತ್ತಿದ್ದಳು. "ಈ… ಮುದುಕ… ಇವತ್ತೂ… ಬಂದ…" ಇಷ್ಟಕ್ಕೇ ಐದು ನಿಮಿಷ. ನಾನು ಉಸಿರು ಬಿಗಿಹಿಡಿದು ಕಾದೆ. "ಜೊಲ್ಲು… ಸುರಿಸ್ತಾ… ಕೂತ…" ಅಷ್ಟರಲ್ಲಿ ಎಂಟು ನಿಮಿಷವಾಗಿತ್ತು. "ಯಾವಾಗ… ಸಾಯ್ತಾನೋ…" ಒಂದು ಬೈಗುಳ ಮುಗಿಯಲು ಹನ್ನೊಂದು ನಿಮಿಷ. ಅಷ್ಟು ನಿಧಾನವಾಗಿ, ಅಷ್ಟು ಚೆನ್ನಾಗಿ ಯಾರನ್ನೂ ಯಾರೂ ಬೈದದ್ದನ್ನು ನಾನು ನೋಡಿಲ್ಲ. ಅಭ್ಯಾಸ ನೋಡಲು ಬಂದಿದ್ದ ಒಬ್ಬ ಗಡ್ಡದವನು ಕಣ್ಣೊರೆಸಿಕೊಂಡು, ಇದು ಸಾವಿನ ಬಗ್ಗೆ ಅಲ್ವಾ ಎಂದು ನನ್ನ ಕಿವಿಯಲ್ಲಿ ಅರಚಿದ. ಹೌದು ಅಂದೆ.

ಅಣ್ಣ ಕಂಬಕ್ಕೆ ಕೈ ಕೊಟ್ಟು, ಕಣ್ಣು ಮುಚ್ಚಿ, ತಲೆ ತೂಗುತ್ತಾ ಕೂತಿದ್ದ. ನರ್ಸಮ್ಮ ಬಾಯಿ ತೆರೆದಾಗ ಮುಚ್ಚಿದವನು, ಬಾಯಿ ಮುಚ್ಚಿದ ಮೇಲೆ ತೆರೆದ. ಪಾಪ, ಇವನಿಗೆ ಗೊತ್ತೇ ಇಲ್ಲ ಎಂದು ನಾನು ಒಳಗೊಳಗೇ ನಕ್ಕೆ. ಸುಳ್ಳು ಹೇಳುವುದಿಲ್ಲ, ಹೊಟ್ಟೆ ತುಂಬ ನಕ್ಕೆ. ಐದು ವಾರ ಹೀಗೇ ನಡೆಯಿತು. ಒಂದು ವಾರ ಅವನ ಹಲ್ಲುಸೆಟ್ಟಿನ ಮೇಲೆ, ಒಂದು ವಾರ ಅವನ ಬೆವರಿನ ವಾಸನೆಯ ಮೇಲೆ, ಒಂದು ವಾರ ಅವನ ಶೂ ಪಾಲಿಶಿನ ಮೇಲೆ. ಹಲ್ಲಿನ ಆಸ್ಪತ್ರೆಯಲ್ಲಿ ದಿನವಿಡೀ ಮುದುಕರ ಬಾಯಿ ತೊಳೆಯುವವಳು ಅವಳು. ರಜೆಯ ದಿನವೂ ಒಬ್ಬ ಮುದುಕ ಬಾಯಿ ತೆರೆದು ಎದುರಿಗೆ ಕೂತರೆ ಅವಳು ತಾನೇ ಏನು ಮಾಡಿಯಾಳು. ಸದ್ದು ಮುಗಿದ ಮೇಲೆ ಅದೇ ನರ್ಸಮ್ಮ ಅಣ್ಣನಿಗೆ ನೀರು ತಂದುಕೊಡುತ್ತಿದ್ದಳು, ಕುರ್ಚಿಯ ಕೆಳಗೆ ರಟ್ಟು ಇಟ್ಟು ಅಲ್ಲಾಡದ ಹಾಗೆ ಮಾಡುತ್ತಿದ್ದಳು. ಎರಡೂ ಅವಳೇ.

ಒಂದು ದಿನ ಮನೆಗೆ ಹೋಗುವಾಗ ನಾನು ತಡೆಯಲಾರದೆ ಕೇಳಿದೆ, ಅವಳು ಹಾಡುವಾಗ ಯಾಕೆ ಕಣ್ಣು ಮುಚ್ಚುತ್ತೀಯ ಅಂತ. ಅಣ್ಣ ನಡೆಯುವುದನ್ನು ನಿಲ್ಲಿಸಿದ.

"ಮೊದಲ ದಿನ ತೆರೆದೇ ಇದ್ದೆ," ಅಂದ.

"ಗೊತ್ತಾ ನಿನಗೆ?"

"ಒಳಗಿನ ಮಾತು ಒಳಗೆ. ನೀನೂ ನೋಡಬೇಡ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದ, "ಬೈಲಿ ಬಿಡೋ. ಸದ್ದು ಚೆನ್ನಾಗಿದೆ. ಇದೊಂದನ್ನ ನನಗೆ ಕೆಡಿಸಬೇಡ."

ನೋಡಿ, ಅವನು ನನ್ನ ಹತ್ತಿರ ಜೀವಮಾನದಲ್ಲಿ ಕೇಳಿದ್ದು ಅದೊಂದೇ.

ಅದರ ಮುಂದಿನ ಬುಧವಾರ ನಾನು ಕೆಡಿಸಿದೆ. ಸದ್ದು ನಿಂತ ತಕ್ಷಣ, ಇನ್ನೂ ತಂತಿ ಗುಂಯ್ ಅನ್ನುತ್ತಿರುವಾಗಲೇ, ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ನರ್ಸಮ್ಮ, ನಿನ್ನ ಹಾಡು ನನಗೆ ಬಾಯಿಪಾಠ ಆಗಿದೆ, ಒಪ್ಪಿಸಲೇ ಅಂದೆ. ಐದು ವಾರದ ಬೈಗುಳಗಳನ್ನು ಒಂದೊಂದಾಗಿ, ಯಾವ ಬುಧವಾರ ಯಾವುದು ಎಂಬುದರ ಸಮೇತ ಒಪ್ಪಿಸಿದೆ. ನಾವು ಮಿಲ್ಲಿನವರು, ನಮಗೆ ತುಟಿ ಓದಲು ಬರುತ್ತದೆ, ಇವನಿಗೆ ನನಗಿಂತ ಚೆನ್ನಾಗಿ ಬರುತ್ತದೆ ಎಂದೂ ಸೇರಿಸಿದೆ. ಅಣ್ಣನ ಮಾನ ಕಾಪಾಡಬೇಕಿತ್ತು. ಕಾರಣ ಅದೇ ಎಂದು ಇಟ್ಟುಕೊಳ್ಳಿ.

ನರ್ಸಮ್ಮನ ಮುಖ ಅವಳ ಆಸ್ಪತ್ರೆಯ ಗೋಡೆಯಷ್ಟು ಬಿಳುಪಾಯಿತು. ಲಿಫ್ಟಿನವನು, ಬೇಕರಿಯವನು ಇಬ್ಬರೂ ತಲೆ ತಗ್ಗಿಸಿದರು. ಅವತ್ತು ಮಾತ್ರ ಅವರು ನಿಜವಾಗಿ ಶೂ ನೋಡುತ್ತಿದ್ದರು. ಅಣ್ಣ ನನ್ನ ತುಟಿಯನ್ನು ಕೊನೆಯವರೆಗೂ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

ಮೂರನೆಯ ದಿನ ನರ್ಸಮ್ಮ ಅಣ್ಣನ ಮನೆಗೆ ಹೋಗಿದ್ದಳಂತೆ. ಅತ್ತಿಗೆ ಹೇಳಿದರು. ಬಾಗಿಲಲ್ಲೇ ನಿಂತು ಅತ್ತಳು, ದೊಡ್ಡದಾಗಿ ಬಾಯಿ ಬಿಟ್ಟು, ಅಕ್ಷರ ಅಕ್ಷರ ಬಿಡಿಸಿ, "ತಪ್ಪಾಯ್ತು ಅಜ್ಜ" ಅಂದಳು. ಅಣ್ಣ ಅವಳ ತಲೆ ಮುಟ್ಟಿ, ತಪ್ಪೇನೂ ಇಲ್ಲ, ಬುಧವಾರ ಬರುತ್ತೇನೆ, ಕುರ್ಚಿ ಅಲ್ಲೇ ಇರಲಿ ಅಂದನಂತೆ. ಅವಳಿಗೆ ಅದು ಇನ್ನೂ ಚುಚ್ಚಿತು. ಬೈದಿದ್ದರೆ ಸರಿಹೋಗುತ್ತಿತ್ತು. ಕ್ಷಮಿಸಿದರೆ ಏನಾದರೂ ಮಾಡಲೇಬೇಕಾಗುತ್ತದೆ.

ಮಾಡಿದಳು. ಅಣ್ಣನಿಗಾಗಿ ಒಂದು ಹೊಸ ಹಾಡು ಕಟ್ಟಿದಳು. ಈ ಸಲ ಪದಗಳಿದ್ದವು. ಮಗ್ಗದ ಬಗ್ಗೆ, ಕಂಬದ ಬಗ್ಗೆ, ಸದ್ದಿಗೆ ಕಿವಿ ಕೊಟ್ಟು ಬಟ್ಟೆ ತಂದವರ ಬಗ್ಗೆ. ಒಂದೊಂದು ಪದವೂ ಸ್ಪಷ್ಟವಾಗಿ ಕೇಳಿಸಬೇಕು, ಇನ್ನು ಮೇಲೆ ಸದ್ದಿನ ಹಿಂದೆ ಅಡಗಿಕೊಳ್ಳುವುದಿಲ್ಲ ಎಂದು ಡ್ರಮ್ಮಿಗೆ ಬಟ್ಟೆ ಹೊದಿಸಿದರು, ದೊಡ್ಡ ಪೆಟ್ಟಿಗೆಗಳನ್ನು ಬಂದ್ ಮಾಡಿದರು. ಬುಧವಾರ ಐವತ್ತು ಜನರನ್ನು ಕರೆಸಿದರು. ಅಣ್ಣನ ಕುರ್ಚಿಯನ್ನು ಕಂಬದ ಪಕ್ಕದಿಂದ ಎತ್ತಿ, ಗೌರವಕ್ಕೆಂದು, ಮುಂದಿನ ಸಾಲಿನ ಮಧ್ಯೆ ಹಾಕಿದರು.

ಅಣ್ಣ ಶೂಗೆ ಪಾಲಿಶ್ ಹೊಡೆದು ಬಂದಿದ್ದ. ಕುರ್ಚಿಯನ್ನು ತಾನೇ ಎಳೆದುಕೊಂಡು ಕಂಬದ ಪಕ್ಕ ಹೋಗಿ ಕೂತ. ಅಂಗೈ ಕಂಬಕ್ಕೆ ಇಟ್ಟ.

ನರ್ಸಮ್ಮ ಹಾಡಿದಳು. ನನಗೆ ಪ್ರತಿ ಪದವೂ ಕೇಳಿಸಿತು. ಸುಳ್ಳೇಕೆ, ಚೆನ್ನಾಗಿತ್ತು. ಬೇಕರಿಯವನು ನುಡಿಸುತ್ತಲೇ ಅತ್ತ. ಗಡ್ಡದವನು ಜೋರಾಗಿ ಅತ್ತ. ಅಣ್ಣ ಮಾತ್ರ ಅಂಗೈಯನ್ನು ಕಂಬದ ಮೇಲೆ, ಕೆಳಗೆ, ಹಿಂದೆ ಇಟ್ಟು ನೋಡುತ್ತಿದ್ದ, ಗೋಡೆಯಲ್ಲಿ ಸ್ವಿಚ್ಚು ಹುಡುಕುವವನ ಹಾಗೆ. ಕಬ್ಬಿಣ ತಣ್ಣಗಿತ್ತು. ಹತ್ತು ನಿಮಿಷ ತಾಳಿದ. ಆ ಸಂಗೀತದಲ್ಲಿ ಮೊದಲ ಹತ್ತು ನಿಮಿಷ ಹಾಗೇ ಎಂದು ಅವನಿಗೆ ಗೊತ್ತಲ್ಲ. ಹಾಡು ಮುಗಿದು, ಐವತ್ತು ಜನ ಎದ್ದು ನಿಂತು ಅವನ ಕಡೆ ತಿರುಗಿ ಚಪ್ಪಾಳೆ ಹೊಡೆಯುತ್ತಿದ್ದಾಗ, ಕಿವುಡರ ದನಿ ಎಷ್ಟು ದೊಡ್ಡದಿರುತ್ತದೆ ನಿಮಗೆ ಗೊತ್ತಲ್ಲ, ಆ ದನಿಯಲ್ಲಿ ಕೇಳಿದ:

"ಯಾವಾಗ ಶುರು ಮಾಡ್ತೀರಮ್ಮ?"

ಚಪ್ಪಾಳೆ ಹಾಗೇ ನಿಂತಿತು. ನರ್ಸಮ್ಮ ಹತ್ತಿರ ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಗೀತು ಅಜ್ಜ ಅಂದಳು. ಅಣ್ಣ ಅವಳ ಕೈ ಹಿಡಿದುಕೊಂಡ. ಈಗ ಮೆಲ್ಲಗೆ, ಬರೀ ತುಟಿಯಲ್ಲಿ ಅಂದ, ಅದು ನನಗೊಬ್ಬನಿಗೇ ಕಂಡಿತು.

"ಮೊದಲಿನ ಹಾಗೆ ಬೈಯಮ್ಮ. ನಾನು ನೋಡಲ್ಲ."

ಅವಳಿಗೆ ತುಟಿ ಓದಲು ಬರುವುದಿಲ್ಲ. ನಕ್ಕು, ಥ್ಯಾಂಕ್ಸ್ ಅಜ್ಜ ಅಂದಳು. ನಾನು ತಿಳಿಸಬಹುದಿತ್ತು. ಐದು ವಾರದ್ದನ್ನು ಒಪ್ಪಿಸಿದವನಿಗೆ ಅದೊಂದು ಸಾಲು ಬಾಯಿಗೆ ಬರಲಿಲ್ಲ.

ಆ ಮೆತ್ತನೆಯ ಹಾಡಿನಿಂದಲೇ ಈಗ ಅವರಿಗೆ ಹೆಸರು ಬಂದಿದೆ. ಅವಳ ಹಲ್ಲಿನ ಆಸ್ಪತ್ರೆಯಲ್ಲೂ ರೋಗಿಗಳು ಹೆದರದಿರಲಿ ಅಂತ ಅದನ್ನೇ ಹಾಕುತ್ತಾರೆ. ಹಳೆಯ ಸದ್ದನ್ನು ಅವರು ಮತ್ತೆ ಎಬ್ಬಿಸಿಲ್ಲ, ಆ ಭಾಗ ಬಂದರೆ ನರ್ಸಮ್ಮ ಗಿಟಾರು ಕೆಳಗಿಟ್ಟುಬಿಡುತ್ತಾಳಂತೆ. ಅಣ್ಣ ಎರಡು ಬುಧವಾರ ಬಂದು ಕಂಬ ಮುಟ್ಟಿ ನೋಡಿದ, ಮೂರನೆಯದಕ್ಕೆ ಬರಲಿಲ್ಲ. ಬಟ್ಟೆ ತೊಳೆಯುವ ಯಂತ್ರ ಹೋದ ತಿಂಗಳು ಕೆಟ್ಟಿತು. ಹುಬ್ಬಿನ ಗಂಟು ಮೊದಲಿಗಿಂತ ಬಿಗಿಯಾಗಿದೆ. ನಾನು ಮನೆಗೆ ಹೋದರೆ ಕೂರಿಸುತ್ತಾನೆ, ನೀರು ಕೊಡಿಸುತ್ತಾನೆ, ನಾನು ಬಾಯಿ ತೆರೆದ ಕೂಡಲೇ ಕಣ್ಣು ಮುಚ್ಚುತ್ತಾನೆ. ನಾಳೆಗೆ ಏಳು ತಿಂಗಳು. ಗಂಟು ಹಾಕುವವನು ಹತ್ತೊಂಬತ್ತು ದಿನ ತಡೆದಿದ್ದ, ನಾನು ಆ ದಾಖಲೆ ಎಂದೋ ಮುರಿದಿದ್ದೇನೆ.

ಅದಕ್ಕೇ ನಿಮ್ಮಲ್ಲಿ ಒಂದು ಕೇಳುವುದಿದೆ. ಈ ಬುಧವಾರ ಆ ತಂಡ ಬರುತ್ತದೆ. ಅವರು ಎಷ್ಟೇ ಮೆಲ್ಲಗೆ ನುಡಿಸಲಿ, ಸದ್ದು ಏರಿಸುವ ಗುಂಡಿ ನಿಮ್ಮ ಕೈಯಲ್ಲಿರುತ್ತದೆ. ಗೋಡೆಯ ಮೇಲೆ ಸದ್ದಿನ ಮಿತಿಯ ನೋಟೀಸು ಇದೆ, ಗೊತ್ತು. ನಾನು ಅದನ್ನು ಗುಡಿಸುವಾಗ ಕೆಳಗೆ ಬೀಳಿಸುತ್ತೇನೆ. ಅತ್ತಿಗೆ ಅವನನ್ನು ಕರೆತಂದು ಕಂಬದ ಪಕ್ಕ ಕೂರಿಸುತ್ತಾರೆ. ನೀವು ಹನ್ನೊಂದು ನಿಮಿಷ…

ಏನಂದಿರಿ? ಐದು ವಾರ ಬಾಯಿ ಮುಚ್ಚಿಕೊಂಡಿದ್ದವರು ಆರನೇ ವಾರ ಯಾಕೆ ಹೇಳಿದ್ರಿ ಅಂತಲೇ? ಹಿಂದಿನ ಮೂವರು ಅದನ್ನು ಕೇಳಿರಲಿಲ್ಲ. ಮೊದಲೇ ಹಲ್ಲಿನ ಮೇಲೆ ಆಣೆ ಇಟ್ಟುಬಿಟ್ಟಿದ್ದೇನೆ, ಏನು ಮಾಡುವುದು.

ಅವತ್ತು ಅವಳು ಬೈದದ್ದು ಅಣ್ಣನನ್ನಲ್ಲ. "ಗೇಟಿನವನ ಬಾಯಿ ನಾರತ್ತೆ, ಅವನ ಕಥೆ ಯಾರಿಗೆ ಬೇಕು." ಇದಕ್ಕೂ ಹನ್ನೊಂದೇ ನಿಮಿಷ. ಅದನ್ನೂ ನುಂಗಿಕೊಳ್ಳುತ್ತಿದ್ದೆ, ಹಲ್ಲಿನ ಆಸ್ಪತ್ರೆಯವಳು, ಅವಳಿಗೆ ಗೊತ್ತಿರದೆ ಇನ್ಯಾರಿಗೆ. ಆದರೆ ಪಕ್ಕಕ್ಕೆ ತಿರುಗಿದರೆ ಅಣ್ಣ ಅವತ್ತು ಕಣ್ಣು ತೆರೆದೇ ಇದ್ದ. ಅವಳ ಬಾಯಿಯನ್ನೇ ನೋಡುತ್ತಿದ್ದ. ನೋಡಿ ನಗುತ್ತಿದ್ದ, ಎಂಟು ವರ್ಷದಲ್ಲಿ ಮೊದಲ ಸಲ, ಭುಜ ಕುಣಿಸಿಕೊಂಡು, ಎಷ್ಟು ಚೆನ್ನಾಗಿ ನಗುತ್ತಿದ್ದ ಅಂದರೆ ನನಗೆ ಅದನ್ನು ಸಹಿಸಲು…

ಯಾಕೆ ಎದ್ದಿರಿ? ವೈರು ಅರ್ಧಕ್ಕೇ ಬಿಟ್ಟು ಹೊರಟರೆ ಹೇಗೆ? ಗೇಟಿನ ಬೀಗದ ಕೈ ನನ್ನ ಹತ್ತಿರ ಇದೆ. ಒಂದು ನಿಮಿಷ ನಿಲ್ಲಿ, ನನ್ನ ಮುಖ ನೋಡಬೇಕಾಗಿಲ್ಲ, ಹಾಗೇ ಬೆನ್ನು ಹಾಕಿಕೊಂಡೇ ಕೇಳಿ, ಬುಧವಾರ ಮೂರು ಗಂಟೆಗೆ ನೀವು ಆ ಗುಂಡಿಯನ್ನು ಒಂದೇ ಒಂದು ಚೂರು